ತಂಗಿಯನ್ನು ಕೊಟ್ಟ ಊರಿನ ನೀರು

ನೊಣ ಮತ್ತೆ ಬಂತು, ಶಾಯಿ ಬಾಟಲಿಯ ಅಂಚಿನ ಮೇಲೆ ಕೂತು ಮುಂಗಾಲು ಉಜ್ಜಿಕೊಂಡಿತು, ಈಗ ಬೀಳುತ್ತದೆ, ಈಗ ಬೀಳುತ್ತದೆ ಎಂದು ಅಖೈರಾಜ್ ನೋಡುತ್ತಿದ್ದಾನೆ, ಬೀಳುವುದಿಲ್ಲ, ಹಾರುತ್ತದೆ, ಡೇರೆಯ ಬಟ್ಟೆಗೆ ಮಧ್ಯಾಹ್ನದ ಬಿಸಿಲು ಹತ್ತಿ ಒಳಗೆಲ್ಲ ತುಪ್ಪದ ಬಣ್ಣದ ಬೆಳಕು, ಹೊರಗೆ ಟ್ಯಾಂಕರಿನ ಮುಂದೆ ಬಿಂದಿಗೆಗಳ ಸಾಲು, ಹಿತ್ತಾಳೆಯದ್ದು, ತಗಡಿನದ್ದು, ಮಣ್ಣಿನದ್ದು, ಹೆಂಗಸರು ನೆರಳಿಗೆ ಹೋಗಿ ಬಿಂದಿಗೆಗಳನ್ನೇ ಸರದಿಗೆ ನಿಲ್ಲಿಸಿದ್ದಾರೆ, ಆ ಸಾಲಿನಿಂದ ಹತ್ತು ಮಾರು ಆಚೆಗೆ ಒಂದೇ ಒಂದು ಬಿಂದಿಗೆ, ಕುತ್ತಿಗೆಯ ಹತ್ತಿರ ಸೊಟ್ಟಗಾದದ್ದು, ಅದು ಸುಗನ್‌ಳದು, ಅವನ ತಂಗಿಯದು. ಅದನ್ನು ಸಾಲಿಗೆ ಸೇರಿಸುವುದಿಲ್ಲ. ಎಲ್ಲರದೂ ತುಂಬಿ ಟ್ಯಾಂಕರಿನ ತಳದ ರಾಡಿ ಉಳಿದಾಗ ಯಾರೋ ದೂರದಿಂದ ಕೊಳವೆ ತಿರುಗಿಸುತ್ತಾರೆ, ವಿಷ ಹಾಕಿದೋರ ಮನೆ ಬಿಂದಿಗೆ ಕಣೇ, ಸೆರಗು ತಾಗಿಸ್ಕೋಬೇಡ, ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳುವುದು ಡೇರೆಯ ಒಳಗೂ ಕೇಳಿಸುತ್ತದೆ, ಸುಗನ್ ಕೇಳಿಸಿಕೊಂಡಳೋ ಇಲ್ಲವೋ, ಜಮಖಾನದ ತುದಿಯಲ್ಲಿ ಕೂತಿದ್ದಾಳೆ, ಪರಗಂಡಸು ಎದುರಿಗಿರುವ ಕಡೆ ಸೆರಗು ಗಲ್ಲದವರೆಗೆ ಇಳಿದಿದೆ, ಅಣ್ಣನ ಕಡೆ ಎರಡು ಬೆರಳಿನಷ್ಟು ಮೇಲೆ ಎತ್ತಿದೆ, ಆ ಎರಡು ಬೆರಳಿನ ಸಂದಿಯಲ್ಲಿ ಒಂದು ಕಣ್ಣು, ಹದಿಮೂರು ವರ್ಷ ನೋಡದ ಕಣ್ಣು. ತಗೊಳ್ಳಿ ಮೇಜರ್ ಸಾಹೇಬ್ರೇ, ಚಹಾ ತಗೊಳ್ಳಿ ಎನ್ನುತ್ತಾರೆ ನಾಯಬ್ ತಹಶೀಲ್ದಾರ್ ಗೋರ್ಧನ್ ವ್ಯಾಸರು, ಈ ನಿರಾಶ್ರಿತರ ಶಿಬಿರಕ್ಕೆಲ್ಲ ಯಜಮಾನರು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ದೊಡ್ಡ ಹೊಟ್ಟೆಯ ಮನುಷ್ಯ, ತಂಗಿ ಎದುರಿಗೆ ಕೂತಿದಾಳೆ ಅಂತ ಸಂಕೋಚ ಬೇಡ, ಇದೇನು ಬೀಗರ ಮನೆ ನೀರಲ್ಲ, ಸರ್ಕಾರದ್ದು, ಸರ್ಕಾರಕ್ಕೆ ಇನ್ನೂ ಯಾರೂ ಹೆಣ್ಣು ಕೊಟ್ಟಿಲ್ಲ. ತಮ್ಮ ಮಾತಿಗೆ ತಾವೇ ನಗುತ್ತಾರೆ, ಹೊಟ್ಟೆ ಮೇಜಿಗೆ ತಾಗಿ ಶಾಯಿ ಅಲುಗುತ್ತದೆ, ಅಖೈರಾಜ್ ಲೋಟ ತೆಗೆದುಕೊಳ್ಳುತ್ತಾನೆ, ಬಲಗೈಯಲ್ಲಿ, ಸುಡುವ ಲೋಟವಂತೆ, ಕೊಟ್ಟವನು ಪಂಚೆಯ ತುದಿಯಲ್ಲಿ ಹಿಡಿದು ತಂದಿದ್ದ, ಆದರೆ ಇವನ ಕೈಗೆ ಬಿಸಿ ಗೊತ್ತಾಗುವುದಿಲ್ಲ, ಆ ಬೆಳಿಗ್ಗೆಯಿಂದ ಆ ಅಂಗೈಗೆ ಏನೂ ಗೊತ್ತಾಗುವುದಿಲ್ಲ, ಬೇರೆಯವರ ಕೈಯನ್ನು ಸ್ವಲ್ಪ ಹೊತ್ತು ನೋಡಿಕೊಳ್ಳಿ ಎಂದು ಕೊಟ್ಟು ಹೋದ ಹಾಗೆ ಅದು ತೊಡೆಯ ಮೇಲೆ ಬಿದ್ದಿರುತ್ತದೆ, ಮತ್ತೆ ಆ ಹಿಮ್ಮಡಿಗಳು, ಬರಿಗಾಲಿನ ಮುದುಕನ ಹಿಮ್ಮಡಿಗಳು, ಒಣಗಿದ ಕೆರೆಯಂತೆ ಬಿರಿದವು, ಮರಳನ್ನು ಹಿಂದಕ್ಕೆ ಚಿಮ್ಮುತ್ತ, ಒಂದು, ಇನ್ನೊಂದು.

ಓದಲಾ ಎನ್ನುತ್ತಾರೆ ವ್ಯಾಸರು, ಓದಿ ಎನ್ನುತ್ತಾನೆ ಇವನು, ಓದಬೇಕಾಗಿಲ್ಲ, ಬಾಯಿಪಾಠವಿದೆ, ಸೋನಲ್‌ವೇರಿ ಗ್ರಾಮದ ಬಾವಿಗೆ ವಿಷ ಬೆರೆಸಿದ್ದ ಶತ್ರುವಿನ ಕೈಯಾಳು ಒಬ್ಬನನ್ನು ಸುದ್ದಿ ಮುಟ್ಟಿಸಲು ಓಡುವಾಗ ಹೊಡೆಯಲಾಯಿತು, ನಮ್ಮ ಕಡೆ ಪ್ರಾಣಹಾನಿ ಇಲ್ಲ. ಇದು ಸೈನ್ಯದ ಕಾಗದ ಸಾಹೇಬ್ರೇ, ಕಾರ್ಬನ್ ಪ್ರತಿ, ಸಹಿ ಯಾರದೋ ಏನೋ ಎರೆಹುಳ ಹರಿದ ಹಾಗಿದೆ, ಆದ್ರೆ ಮೊಹರು ಮೊಹರೇ, ಇದರ ಮುಂದೆ ನಾನು ಎಷ್ಟರವನು, ಸತ್ತವನು ಮೇರಾಮಣ್‌ಜಿ ಸೋಢಾ ಅಂತ ಆಮೇಲೆ ಊರೋರೇ ಬಾಯಿಬಿಟ್ರು, ಈಯಮ್ಮ ಅವನ ಸೊಸೆ, ಕೈಯಾಳಿನ ಕುಟುಂಬಕ್ಕೆ ಈ ಕಡೆ ಜಾಗ ಇಲ್ಲ ಅಂತ ಆಜ್ಞೆ, ಗುರುವಾರ ಲಾರಿ ಬರುತ್ತೆ, ಗಡಿಯಾಚೆ ಇಳಿಸಿ ಬರುತ್ತೆ, ಅಷ್ಟೇ ನನಗೆ ಗೊತ್ತಿರೋದು. ಸುಗನ್‌ಳ ಕೈ ಜಮಖಾನದ ದಾರ ಎಳೆಯುತ್ತಿದೆ. ಆಚೆ ಯಾರಿದಾರೆ ಹುಕುಂ, ಎನ್ನುತ್ತಾಳೆ, ದೊಡ್ಡವರನ್ನು ಕರೆಯುವ ಹಾಗೆ, ಸೆರಗಿನೊಳಗಿನಿಂದ, ಊರೇ ಎದ್ದು ಬಂದಿದೆ, ಆಚೆ ಗೋಡೆಗಳಿವೆ, ಅವಕ್ಕೂ ಈಗ ಸೂರಿಲ್ಲ. ವ್ಯಾಸರು ಪೆನ್ಸಿಲಿನಿಂದ ಕಿವಿ ಕೆರೆದುಕೊಳ್ಳುತ್ತಾರೆ, ಅದೇ ಕಣಮ್ಮ, ಅದಕ್ಕೇ ನಿಮ್ಮಣ್ಣನ್ನ ಕರೆಸಿದ್ದು, ನೀನೇ ತಾನೇ ಮೂರು ದಿನದಿಂದ ನನ್ನ ಡೇರೆ ಬಾಗಿಲಲ್ಲಿ ಕೂತು ನಮ್ಮಣ್ಣ ಪಲ್ಟನ್ನಿನಲ್ಲಿ ದೊಡ್ಡೋನು, ಅವನು ಬಂದು ಒಂದು ಮಾತು ಹೇಳಿದ್ರೆ ಕಾಗದ ತಾನೇ ನೆಟ್ಟಗಾಗುತ್ತೆ ಅಂತ ತಲೆ ತಿಂದದ್ದು, ಬಂದಿದಾರೆ, ಹೇಳ್ತಾರೆ. ಆದ್ರೆ ಸಾಹೇಬ್ರೇ ಮೊದಲೇ ಹೇಳಿಬಿಡ್ತೀನಿ, ಒಳ್ಳೇ ಮನೆತನ, ದೇವರಂಥ ಮುದುಕ, ಇರುವೆ ತುಳೀತಿರಲಿಲ್ಲ, ಇವೆಲ್ಲ ಬೇಡ, ಎಲ್ಲರ ಮಾವಂದಿರೂ ಸತ್ತ ಮೇಲೆ ಇರುವೆ ತುಳಿಯಲ್ಲ, ಕಣ್ಣಾರೆ ಕಂಡೋರು ಬೇಕು, ಇಲ್ಲಾ ಈ ಎರೆಹುಳದ ಸಹಿ ಹಾಕಿದೋನೇ ಬರಬೇಕು. ಎರೆಹುಳದ ಬಾಲ ಎಡಕ್ಕೆ ತಿರುಗಿದೆ, ಶಾಲೆಯಲ್ಲಿ ಮೇಷ್ಟ್ರು ಅದಕ್ಕೇ ಹೊಡೆಯುತ್ತಿದ್ದರು, ಅಕ್ಷರದ ಬಾಲ ಬಲಕ್ಕೆ ಇರಬೇಕು ಅಖೈ, ನಿನ್ನದು ಯಾಕೆ ತವರಿಗೆ ತಿರುಗಿದ ಹಸುವಿನ ಹಾಗೆ.

ಮರಳನ್ನು ಓದಲು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ, ಅದಕ್ಕೇ ಕಮಾಂಡೋ ತುಕಡಿಗೆ ಆರಿಸಿದ್ದು, ದೊಡ್ಡ ಸಾಹೇಬರು ಭುಜ ತಟ್ಟಿ ಹೇಳಿದ್ದರು, ನೀನು ಅಲ್ಲಿಯವನು, ನಿನಗೆ ನಕ್ಷೆ ಯಾಕೆ, ನಿಜ, ಗಾಳಿ ಬಿಡಿಸಿದ ಗೆರೆಯ ಯಾವ ಬದಿ ಗಟ್ಟಿ ಯಾವ ಬದಿ ಮೆದು ಎಂದು ಅವನು ಜೀಪಿನ ಸೀಟಿನಲ್ಲಿ ಕೂತೇ ಹೇಳುತ್ತಿದ್ದ, ಟೈರಿನ ಗಾಳಿ ಅರ್ಧ ಇಳಿಸಿ, ಎಕ್ಕದ ಗಿಡ ಇರುವ ಕಡೆ ಹೋಗಿ, ದಿಬ್ಬದ ನೆತ್ತಿಯಲ್ಲಿ ನಿಲ್ಲಬೇಡಿ, ಆರು ಜೀಪು, ಮುಂದಿನ ಗಾಜು ಕಿತ್ತು ಹಾಕಿದ್ದು, ಹೊಳೆಯದಿರಲೆಂದು ದೀಪಕ್ಕೆಲ್ಲ ಸಗಣಿ ಮಣ್ಣು ಮೆತ್ತಿದ್ದು, ಎರಡು ರಾತ್ರಿ ಒಳಗೆ, ಇನ್ನೂ ಒಳಗೆ, ಶತ್ರುವಿನ ಬೆನ್ನ ಹಿಂದೆ, ಅಲ್ಲಿ ಒಂದು ಠಾಣೆ, ಬೆಳಕು ಹರಿಯುವ ಮುಂಚೆ ನುಗ್ಗಿ ಹೊಡೆದು, ಗೋದಾಮಿಗೆ ಬೆಂಕಿ ಕೊಟ್ಟು, ತಿರುಗಿ ನೋಡದೆ ಹೊರಟದ್ದು, ಅಷ್ಟೇ ಕೆಲಸ, ಗಾಳಿಯ ಹಾಗೆ ಬಾ, ಗಾಳಿಯ ಹಾಗೆ ಹೋಗು, ಅಲ್ಲಿ ಸತ್ತವರ ಮುಖ ಅವನಿಗೆ ನೆನಪಿಲ್ಲ, ನೆನಪಾಗಬೇಕಿತ್ತೇನೋ, ಬೆಂಕಿಯ ಬೆಳಕಿನಲ್ಲಿ ಒಬ್ಬ ಪಾಯಿಜಾಮದ ಲಾಡಿ ಕಟ್ಟಿಕೊಳ್ಳುತ್ತಲೇ ಬಿದ್ದ, ಅದು ನೆನಪಿದೆ, ಆದರೆ ಅದು ಒಳಗೆ ಎಲ್ಲೂ ತಾಗುವುದಿಲ್ಲ, ಚಹಾದ ಬಿಸಿಯ ಹಾಗೆ. ಠಾಣೆಯ ಗುಂಡುಗಳು ನೀರಿನ ಡಬ್ಬಿಗಳನ್ನು ತೂತು ಮಾಡಿದ್ದವು, ಬೆಳಿಗ್ಗೆ ನೋಡಿದರೆ ಆರು ಜೀಪಿನಲ್ಲಿ ಎಲ್ಲ ಸೇರಿ ಒಂದು ಡಬ್ಬಿ, ಇಂಜಿನ್ನಿಗೆ ಕೊಡುವುದೋ ಮನುಷ್ಯರಿಗೆ ಕೊಡುವುದೋ, ಇನ್ನೂ ತೊಂಬತ್ತು ಮೈಲಿ. ಹಿಂದೆ ಮಷೀನ್‌ಗನ್ ಹಿಡಿದು ಕೂತ ಹವಾಲ್ದಾರ್ ಬಚನ್ ನೇಗಿ, ಗಡ್‌ವಾಲಿನ ಬೆಟ್ಟದವನು, ಒಡೆದ ತುಟಿಯಲ್ಲೇ ನಗುತ್ತಾನೆ, ಸಾಬ್, ನಮ್ಮೂರಲ್ಲಿ ನೀರು ಹುಡುಕೋದು ಅಂದ್ರೆ ಮನೆ ಬಾಗಿಲು ತೆಗೆಯೋದು ಅಷ್ಟೇ, ನಿಮ್ಮ ಊರು ಮಾಡುವಾಗ ದೇವರು ನೀರು ಹಾಕೋದು ಮರ್ತ. ಮರೆತಿಲ್ಲ ನೇಗಿ, ಬಚ್ಚಿಟ್ಟಿದಾನೆ. ಯಾರಿಂದ ಸಾಬ್. ನಿನ್ನಂಥವರಿಂದ, ಬಾಗಿಲು ತೆಗೆದರೆ ಸಿಗಬೇಕು ಅನ್ನೋರಿಂದ. ಎಲ್ಲರೂ ನಕ್ಕಿದ್ದರು, ನಗುವುದಕ್ಕೂ ಬಾಯಲ್ಲಿ ಒಂದಿಷ್ಟು ಪಸೆ ಬೇಕು ಎಂದು ಆಗ ಗೊತ್ತಾಯಿತು.

ನಿಯಮ ಅವನದೇ. ಬೇರೆ ಯಾರೂ ಮಾಡಿದ್ದಲ್ಲ. ತರಬೇತಿಯಲ್ಲಿ ಕಪ್ಪು ಹಲಗೆಯ ಮುಂದೆ ನಿಂತು ಅವನೇ ಹೇಳಿದ್ದು, ಹಿಮ್ಮೆಟ್ಟುವ ಶತ್ರು ಬಾವಿ ಕೆಡಿಸಿ ಹೋಗುತ್ತಾನೆ, ಆದ್ದರಿಂದ ಯಾವ ಬಾವಿಗೂ ಎಲ್ಲರೂ ಹೋಗಬಾರದು, ನಾನೊಬ್ಬ ಹೋಗುತ್ತೇನೆ, ನನಗೆ ಇಲ್ಲಿಯ ಮಾತು ಬರುತ್ತದೆ, ನಾನು ಮೊದಲು ಕುಡಿಯುತ್ತೇನೆ, ಕುಡಿದರೆ ನೀವು ಬನ್ನಿ, ನೀರು ಚೆಲ್ಲಿ ಅಂಗೈ ಎತ್ತಿದರೆ ಬಾವಿ ಕೆಟ್ಟಿದೆ ಎಂದರ್ಥ, ಕೆಟ್ಟ ಬಾವಿಯ ಹತ್ತಿರ ಸಿಕ್ಕವನನ್ನು ಮನೆಗಳ ಕಡೆ ಓಡಲು ಬಿಡಬೇಡಿ, ಅವನು ಓಡಿದರೆ ಸುದ್ದಿ ಓಡುತ್ತದೆ, ಸುದ್ದಿ ಓಡಿದರೆ ವಿಮಾನ ಬರುತ್ತದೆ. ನೇಗಿ ಆವತ್ತು ಮುಂದಿನ ಬೆಂಚಿನಲ್ಲಿ ಕೂತು ತಲೆಯಾಡಿಸಿದ್ದ, ಬೆಟ್ಟದ ಮಗು ಮಗ್ಗಿ ಕಲಿತ ಹಾಗೆ ಬೆರಳು ಮಡಿಸಿ ಮಡಿಸಿ ಕಲಿತಿದ್ದ. ದಿಬ್ಬದ ಈಚೆ ಜೀಪುಗಳು, ನೆತ್ತಿಯ ಮರೆಯಲ್ಲಿ ನೇಗಿಯ ಮಷೀನ್‌ಗನ್, ಆಚೆ ಇಳಿಜಾರಿನಲ್ಲಿ ಒಂದು ಬನ್ನಿ ಮರ, ಕಪಿಲೆ ಬಾವಿ, ಇನ್ನೂರು ಹೆಜ್ಜೆ, ಅದರಾಚೆ ಹತ್ತಿಪ್ಪತ್ತು ಗುಂಡು ಗುಡಿಸಲು, ಹೊಗೆ ಏಳುತ್ತಿದೆ, ಸಜ್ಜೆ ರೊಟ್ಟಿಯ ಹೊಗೆ, ಮೂಗಿಗೆ ಗೊತ್ತಾಗುತ್ತದೆ, ಅವನು ಸಮವಸ್ತ್ರದ ಮೇಲೆ ಕಂಬಳಿ ಹೊದ್ದು ಇಳಿಯುತ್ತಾನೆ, ಮರಳು ಇನ್ನೂ ತಣ್ಣಗಿದೆ, ಒಂಟೆಯೊಂದು ಕಪಿಲೆಯ ಹಗ್ಗ ಎಳೆದುಕೊಂಡು ದೂರ ಹೋಗುತ್ತಿದೆ, ಹಗ್ಗ ಹೋದಷ್ಟೂ ಆಳದ ನೀರು, ಗಾಲಿಯ ಕಿರುಗುಟ್ಟುವಿಕೆ, ಒಬ್ಬ ಮುದುಕ ಚರ್ಮದ ಬಾನಿಯನ್ನು ಕಟ್ಟೆಗೆ ಎಳೆದು ಸುರಿಯುತ್ತಾನೆ, ನೀರು ಸುರಿಯುವ ಸದ್ದು, ಆ ಸದ್ದಿಗೆ ಗಂಟಲು ತಾನೇ ನುಂಗಿಕೊಳ್ಳುತ್ತದೆ, ನುಂಗಲು ಏನೂ ಇಲ್ಲ.

ಬಾ, ಕೂತ್ಕೋ, ಕುಡಿ ಮೊದಲು, ಮಾತು ಓಡಿಹೋಗಲ್ಲ ಎಂದ ಮುದುಕ, ಕಂಬಳಿಯ ಕೆಳಗಿನ ಬೂಟು ಕಂಡಿತು ಅವನಿಗೆ, ಕಂಡು ಕಣ್ಣು ತಿರುಗಿಸಿದ, ಯಾವ ಕಡೆ ಫೌಜೋ ಏನೋ, ಬಾಯಾರಿಕೆಗೆ ಕಡೆ ಅಂತ ಇಲ್ಲ, ಕೈ ಒಡ್ಡು. ಅಖೈರಾಜ್ ಮೊಣಕಾಲೂರಿ ಬೊಗಸೆ ಒಡ್ಡಿದ, ಚೊಂಬಿನಿಂದ ನೀರು ಬೊಗಸೆಗೆ ಬಿತ್ತು, ತಣ್ಣಗೆ, ಆ ಅಂಗೈಗೆ ಗೊತ್ತಾದ ಕೊನೆಯ ತಣ್ಣಗೆ ಅದು, ಬೆರಳ ಸಂದಿಯಲ್ಲಿ ಹೊಳೆಯುತ್ತ ನಿಂತಿತು, ಮಣ್ಣಿನ ವಾಸನೆ, ಸಿಹಿ ನೀರಿಗೆ ಇರುವ ವಾಸನೆ, ಬಾಯಿ ಇನ್ನು ನಾಲ್ಕು ಬೆರಳು ದೂರ, ಮಾತಿಗೆ ಮಾತು ಬೇಕಲ್ಲ ಎಂದು, ಸುಮ್ಮನೆ, ಯಾವೂರು ಕಾಕಾ ಇದು, ಎಂದ. ಸೋನಲ್‌ವೇರಿ, ಎಂದ ಮುದುಕ. ಅಷ್ಟೇ. ಬೆರಳುಗಳು ಬಿಟ್ಟುಕೊಂಡವು. ಅವನು ಬಿಡಿಸಲಿಲ್ಲ, ಅವು ಬಿಟ್ಟುಕೊಂಡವು, ನೀರು ಮರಳಿಗೆ ಬಿತ್ತು, ಬಲಗೈ ಎದ್ದಿತು, ಅಂಗೈ ಮುಂದಾಗಿ, ಬೇಡ ಎನ್ನುವ ಹಾಗೆ, ಹೆಣ್ಣು ಕೊಟ್ಟ ಊರಿನ ನೀರು ಮುಟ್ಟಬಾರದೆಂದು ನಮ್ಮಲ್ಲಿ ಅಪ್ಪ ಅಣ್ಣಂದಿರು ಬೀಗರ ಊರ ದಾರಿಯಲ್ಲಿ ಹೋಗುವಾಗ ಯಾರಾದರೂ ಚೊಂಬು ಎತ್ತಿದರೆ ಎತ್ತುವ ಹಾಗೆ, ಅಜ್ಜ ಎತ್ತಿದ್ದು, ಅಪ್ಪ ಎತ್ತಿದ್ದು, ಇವನು ಒಮ್ಮೆಯೂ ಎತ್ತಿದವನಲ್ಲ, ಇವನು ಮೆಸ್ಸಿನಲ್ಲಿ ಎಲ್ಲರ ಲೋಟದಲ್ಲಿ ರಮ್ ಕುಡಿದವನು, ತಂಗಿಯನ್ನು ಕೊಟ್ಟಾಗ ಅಸ್ಸಾಮಿನ ಕಾಡಿನಲ್ಲಿದ್ದವನು, ಊರಿನ ಹೆಸರನ್ನು ಕಾಗದದಲ್ಲಿ ಓದಿದವನು, ಸುಗನ್‌ಳನ್ನು ಸೋನಲ್‌ವೇರಿಗೆ ಕೊಟ್ಟೆವು, ಸೋಢಾ ಮನೆತನ, ಒಳ್ಳೆಯ ನೀರು. ಅಣ್ಣನಾದವನು ತಂಗಿಯ ಊರು ನೋಡಲು ಹೋಗುವುದಿಲ್ಲ, ನೋಡಿರಲಿಲ್ಲ, ನಕ್ಷೆಯಲ್ಲಿ ಆ ಬಾವಿಗೆ ಒಂದು ಸಂಖ್ಯೆ ಮಾತ್ರ ಇತ್ತು. ಅಜ್ಜಿ ಹೇಳುತ್ತಿದ್ದಳು, ದಾದೀಸಾ, ಹಲ್ಲಿಲ್ಲದ ಬಾಯಿಂದ, ಒಬ್ಬ ಅಣ್ಣ ಇದ್ದನಂತೆ, ತಂಗಿಯನ್ನು ಏಳು ಮರಳುಗಾಡಿನ ಆಚೆ ಕೊಟ್ಟಿದ್ದನಂತೆ, ಬಾಯಾರಿ ಅವಳ ಊರಿನ ಬಾವಿಗೆ ಬಗ್ಗಿದನಂತೆ, ಬಾವಿ ಕೇಳಿತಂತೆ, ಏನಪ್ಪಾ, ಕೊಟ್ಟದ್ದನ್ನು ವಾಪಸ್ ತಗೊಳ್ಳೋಕೆ ಬಂದೆಯಾ. ಅವನೇನಂದ ದಾದೀಸಾ. ಏನನ್ನುತ್ತಾನೆ, ನಾಲಿಗೆ ಒಣಗಿ ಕಲ್ಲಾಗಿತ್ತು, ಮಲಕ್ಕೋ. ಕಥೆಗಳು ಮೂಳೆಗೆ ಇಳಿದಿರುತ್ತವೆ ಎಂದು ಮನುಷ್ಯನಿಗೆ ಗೊತ್ತಿರುವುದಿಲ್ಲ, ತಲೆ ಮರೆತರೂ ಕೈ ಮರೆತಿರುವುದಿಲ್ಲ.

ಮುದುಕ ಒದ್ದೆ ಮರಳನ್ನು ನೋಡಿದ, ಎತ್ತಿದ ಅಂಗೈಯನ್ನು ನೋಡಿದ, ಮುಖ ನೋಡಿದ, ಕಣ್ಣು ಕಿರಿದು ಮಾಡಿ ಇನ್ನೊಮ್ಮೆ ನೋಡಿದ, ಆಮೇಲೆ ಮೀಸೆಯ ಕೆಳಗೆ ಒಂದು ನಗು ಮೆಲ್ಲಗೆ ಎದ್ದು ಬಂತು, ಆಳದಿಂದ ಬಾನಿ ಎದ್ದು ಬರುವ ಹಾಗೆ, ತುಂಬಿಕೊಂಡು. ಓ, ಹೆಣ್ಣು ಕೊಟ್ಟೋರ ಪೈಕಿ, ಎಂದ, ಬೂಟು ಹಾಕ್ಕೊಂಡು ಬಂದ್ರೆ ಗೊತ್ತಾಗಲ್ಲ ಅಂದ್ಕೊಂಡೆಯಾ, ಯಾವ ಸೊಸೆ ಕಡೆಯೋನಪ್ಪಾ ನೀನು. ಸುಗನ್, ಎಂದ ಅಖೈರಾಜ್, ಆ ಹೆಸರನ್ನು ಬಾಯಿಬಿಟ್ಟು ಅಂದು ಎಷ್ಟು ವರ್ಷವಾಗಿತ್ತು. ಮುದುಕ ಚೊಂಬನ್ನು ಕಟ್ಟೆಯ ಮೇಲೆ ಇಟ್ಟ, ಇಟ್ಟದ್ದು ಗೊತ್ತಾಗದೆ ಮತ್ತೆ ಎತ್ತಿ ಮತ್ತೆ ಇಟ್ಟ, ನಮ್ಮ ಸುಗನ್‌ಳ ಅಣ್ಣನಾ, ಪಲ್ಟನ್ನಿನೋನು, ಅಯ್ಯೋ ದೇವರೇ, ಗಡಿ ಮುಚ್ಚಿದ ಮೇಲೆ ಆರು ವರ್ಷದಿಂದ ತವರಿನ ಕಡೆಯಿಂದ ಒಂದು ಕಾಗೆನೂ ಹಾರಿ ಬರಲಿಲ್ಲ ಅಂತ ಆ ಹುಡುಗಿ ದಿನಾ ದಿಬ್ಬ ನೋಡ್ತಾಳೆ, ನಾನು ಅವಳ ಮಾವ, ಇರು, ಇಲ್ಲೇ ಇರು, ನೀರು ಬೇಡ ಅಂದ್ರೆ ಬೇಡ, ನಾನು ಬಲವಂತ ಮಾಡಲ್ಲ, ನೋಡದೆ ಮಾತ್ರ ಹೋಗಬೇಡ. ಮೋಜಡಿ ಜೋಡು ಕಟ್ಟೆಯ ಹತ್ತಿರವೇ ಉಳಿದವು, ಅವನು ಬರಿಗಾಲಿನಲ್ಲಿ ಓಡಿದ, ಧೋತಿ ಮೇಲಕ್ಕೆತ್ತಿಕೊಂಡು, ಎಪ್ಪತ್ತು ವರ್ಷದವನು, ಚಿಕ್ಕ ಹುಡುಗರು ಊರಿಗೆ ಬಂದ ಬೊಂಬೆಯವನ ಸುದ್ದಿ ಹೇಳಲು ಓಡುವ ಹಾಗೆ, ಮುಂಡಾಸಿನ ತುದಿ ಬಿಚ್ಚಿಕೊಂಡು ಬೆನ್ನ ಮೇಲೆ ಹಾರುತ್ತ, ಹಿಮ್ಮಡಿಗಳು ಮರಳು ಚಿಮ್ಮುತ್ತ, ಅಖೈರಾಜ್‌ನ ಕೈ ಇನ್ನೂ ಮೇಲೇ ಇತ್ತು. ಹನ್ನೊಂದು ಹೆಜ್ಜೆ. ಆಮೇಲೆ ಎಷ್ಟು ಸಲ ಎಣಿಸಿದರೂ ಹನ್ನೊಂದೇ. ಹನ್ನೊಂದು ಹೆಜ್ಜೆಯಲ್ಲಿ ಒಂದು ಕೈ ಇಳಿಯಬಹುದಿತ್ತು, ಒಂದು ಕೂಗು ಏಳಬಹುದಿತ್ತು, ನೇಗಿ ಬೇಡ ಎಂಬ ನಾಲ್ಕು ಅಕ್ಷರ, ಮೂರನೆಯ ಹೆಜ್ಜೆಗೇ ಅವನಿಗೆ ಗೊತ್ತಾಗಿತ್ತು, ಬೆನ್ನ ಹಿಂದೆ ದಿಬ್ಬದ ಮೇಲಿನಿಂದ ಇದು ಹೇಗೆ ಕಾಣುತ್ತದೆ ಎಂದು, ನೀರು ಚೆಲ್ಲಿದ ಸಾಹೇಬ, ಎತ್ತಿದ ಅಂಗೈ, ಓಡುವ ಮುದುಕ, ಪಾಠದಲ್ಲಿ ಇದ್ದ ಹಾಗೆಯೇ, ಅಕ್ಷರಶಃ, ಆದರೂ ಒಳಗಿದ್ದ ಮೇಜರ್ ಹೇಳಿದ, ಇವನು ಊರೆಲ್ಲ ಎಬ್ಬಿಸುತ್ತಾನೆ, ಊರಿನಲ್ಲಿ ಯಾರಿದ್ದಾರೋ, ಆರು ಜೀಪು, ಹದಿನೆಂಟು ಜನ, ಒಳಗಿದ್ದ ಅಣ್ಣ ಹೇಳಿದ, ಓಡಲಿ, ಅವಳು ಹೊರಗೆ ಬರಲಿ, ಒಂದು ಸಲ, ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತ ನಿಂತರು, ನೀವು ಮೊದಲು ನೀವು ಮೊದಲು ಎಂದು, ಕೈ ಯಾರ ಮಾತೂ ಕೇಳದೆ ಮೇಲೆ ನಿಂತೇ ಇತ್ತು, ದಿಬ್ಬದ ಮೇಲಿಂದ ಮೂರು ಗುಂಡು, ಹದವಾಗಿ, ನೇಗಿ ಯಾವತ್ತೂ ನಾಲ್ಕನೆಯದನ್ನು ವ್ಯರ್ಥ ಮಾಡುವವನಲ್ಲ.

ಆಮೇಲೆ ಜೀಪು, ಆಮೇಲೆ ಬಿಸಿಲು, ಬಚಾವಾದೆವು ಸಾಬ್ ಎಂದ ನೇಗಿ, ನಿಮಗೆ ಹೇಗೆ ಗೊತ್ತಾಯ್ತು, ವಾಸನೆ ನೋಡಿಯಾ, ನಾನಾಗಿದ್ರೆ ಗಟಗಟ ಕುಡಿದುಬಿಡ್ತಿದ್ದೆ, ಅವನ ಕಣ್ಣಲ್ಲಿ ಭಕ್ತಿ ಇತ್ತು, ದೇವರು ಕಾಪಾಡಿದ ಎನ್ನುವಾಗ ಇರುವಂಥದ್ದು, ಹ್ಞೂಂ, ಎಂದ ಅಖೈರಾಜ್, ಮೊದಲನೆಯ ಹ್ಞೂಂ ಅದು. ಒಬ್ಬ ಡ್ರೈವರ್ ಮಧ್ಯಾಹ್ನದ ಹೊತ್ತಿಗೆ ರೇಡಿಯೇಟರಿನ ಕಂದು ನೀರು ಬಸಿದು ಕುಡಿದ, ವಾಂತಿ ಮಾಡಿಕೊಂಡ, ಉಳಿದ. ಎರಡನೆಯ ಹ್ಞೂಂ ದೊಡ್ಡ ಸಾಹೇಬರ ಡೇರೆಯಲ್ಲಿ, ಅವರು ಗುಮಾಸ್ತನಿಗೆ ಬರೆಸುತ್ತಿದ್ದಾರೆ, ವಿಷ ಬೆರೆಸಿದ್ದ, ಹೌದಲ್ಲ, ಕೈಯಾಳು, ಹೌದಲ್ಲ, ಹ್ಞೂಂ, ಸಹಿ ಹಾಕು, ಶಭಾಷ್ ಅಖೈ, ಒಂದು ಪದಕ ನಿನ್ನ ಎದೆ ಹುಡುಕುತ್ತಾ ಬರುತ್ತೆ ನೋಡು, ಸಹಿಯ ಬಾಲ ಎಡಕ್ಕೆ ತಿರುಗಿತು. ಒಂದು ಸಾಲು ತಾನೇ, ಎಂದುಕೊಂಡಿದ್ದ, ಸತ್ತವನಿಗೆ ಅದರಿಂದ ಏನು. ಸಾಲು ನಡೆದು ಹೋಯಿತು, ಕಾಲು ಬಂದ ಹಾಗೆ, ಹಿಂದಿನಿಂದ ಬಂದ ಸೈನ್ಯ ಆ ಸಾಲು ಓದಿ ಸೋನಲ್‌ವೇರಿಯ ಬಾವಿಗೆ ಕೆಂಪು ಬಟ್ಟೆ ಕಟ್ಟಿತು, ಆಮೇಲೆ ಮರಳು ತುಂಬಿ ಮುಚ್ಚಿತು, ನೂರೈವತ್ತು ಕೈ ಆಳದ ಬಾವಿ, ನಾಲ್ಕು ತಲೆಮಾರು ತೋಡಿದ್ದು, ಒಂದೇ ದಿನ, ನೀರಿಲ್ಲದ ಊರು ಬಿಂದಿಗೆ ಹೊತ್ತು ಗಡಿ ದಾಟಿ ಬಂತು, ತನ್ನ ಬಾವಿ ಕೆಡಿಸಿದವನ ಸೊಸೆಯನ್ನು ಬೈಯುತ್ತ ಬಂತು, ಇಲ್ಲಿ ಸಾಲಿನಿಂದ ಹತ್ತು ಮಾರು ದೂರ ಇಟ್ಟಿತು. ಭಾವ ಹೊರಗೆ ಕೂತಿದ್ದಾನೆ, ಸುಗನ್‌ಳ ಗಂಡ, ತಂದೆ ಸತ್ತ ಸೂತಕದ ಬಿಳಿ ಮುಂಡಾಸಿನಲ್ಲಿ, ಹೆಂಡತಿಯ ಅಣ್ಣನ ಮುಂದೆ ಕೈ ಚಾಚಲಾರೆ ಎಂದು ಒಳಗೆ ಬರಲಿಲ್ಲ, ಡೇರೆಯ ಬಟ್ಟೆಯ ಮೇಲೆ ಅವನ ನೆರಳು ಗೂನಾಗಿ ಬಿದ್ದಿದೆ.

ವೀರಾ, ಎನ್ನುತ್ತಾಳೆ ಸುಗನ್. ಅಣ್ಣ ಎನ್ನುವುದಕ್ಕೆ ಅವಳದು ಅದೇ ಮಾತು, ಹಾಡಿನಲ್ಲಿ ಇರುವ ಮಾತು, ಮೊದಲ ಹಲ್ಲು ಬಿದ್ದಾಗಿನಿಂದ ಹಾಗೆಯೇ. ವೀರಾ, ಮೊದಲು ನೋಡಿದ್ದು ನಾನೇ, ನೀರಿಗೆ ಹೊರಟಿದ್ದೆ, ಗುಂಡಿನ ಸದ್ದು ಕೇಳಿ ಬಿಂದಿಗೆ ಬಿಸಾಕಿ ಓಡಿದೆ, ದಿಬ್ಬದಾಚೆ ಧೂಳು ಕಾಣ್ತಿತ್ತು, ಮಾವನೋರು ಬೋರಲು ಬಿದ್ದಿದ್ರು, ತಿರುಗಿಸಿದೆ, ನಗ್ತಾ ಇದ್ರು. ವ್ಯಾಸರು ಕೆಮ್ಮುತ್ತಾರೆ, ಅಮ್ಮಾ, ಸತ್ತೋರ ಮುಖ ಹಾಗೆ ಕಾಣುತ್ತೆ, ಹಲ್ಲು. ಇಲ್ಲ ಹುಕುಂ, ಹಲ್ಲಲ್ಲ, ಹದಿಮೂರು ವರ್ಷ ಅವರಿಗೆ ರೊಟ್ಟಿ ತಟ್ಟಿದೀನಿ, ಅವರ ನಗು ಯಾವುದು ಹಲ್ಲು ಯಾವುದು ಅಂತ ನನಗೆ ಗೊತ್ತಿಲ್ವಾ, ಅವರು ಒಬ್ಬ ಮನುಷ್ಯನ ಹತ್ರ ಮಾತಾಡಿದಾರೆ, ಕಟ್ಟೆ ಹತ್ರ ಮರಳು ಒದ್ದೆ ಇತ್ತು, ಬೂಟಿನ ಗುರುತು, ಮೊಣಕಾಲಿನ ಗುರುತು, ಕುಡಿಯೋಕೆ ಕೂತಿದ್ದ ಗುರುತು, ಆ ಮನುಷ್ಯ ಏನೋ ಹೇಳಿದಾನೆ, ಅದಕ್ಕೆ ಮಾವನೋರು ನಗ್ತಾ ಮನೆ ಕಡೆ ಓಡಿ ಬಂದಿದಾರೆ, ವಿಷ ಹಾಕಿದೋರು ನಗ್ತಾ ಓಡ್ತಾರಾ ವೀರಾ, ಏನು ಹೇಳಿರಬಹುದು ಅವನು, ನನಗೆ ಲಾರಿ ಆಮೇಲೆ, ನೆಲ ಆಮೇಲೆ, ಅದೊಂದು ಗೊತ್ತಾಗಬೇಕು, ನೀನು ಪಲ್ಟನ್ನಿನಲ್ಲಿ ಕೇಳು, ಅವನು ಸಿಕ್ಕೇ ಸಿಗ್ತಾನೆ. ನೊಣ ಬಂತು. ಕೂತಿತು. ಹೇಳಬಹುದು, ವಿಚಾರಿಸುತ್ತೇನೆ ಎಂದು, ಒಂದು ಕಾಗದ ಬರೆಯುತ್ತೇನೆ ಎಂದು, ದೊಡ್ಡ ಸಾಹೇಬರಿಗೆ ಹೇಳಿ ಹೇಗಾದರೂ ಲಾರಿ ನಿಲ್ಲಿಸುತ್ತೇನೆ ಎಂದು, ಮೂರನೆಯ ಹ್ಞೂಂ ನಾಲಿಗೆಯ ಮೇಲೇ ಇದೆ, ಸುಲಭದ್ದು, ಆದರೆ ಕಾಗದದಲ್ಲಿ ಮುದುಕ ಹಾಗೆಯೇ ಓಡುತ್ತಿರುತ್ತಾನೆ, ಸುದ್ದಿ ಮುಟ್ಟಿಸಲು ಓಡುವಾಗ, ಅಲ್ಲಿ ಮಾತ್ರ ಕಾಗದ ಸುಳ್ಳು ಹೇಳಿಲ್ಲ, ಸುದ್ದಿ ಮುಟ್ಟಿಸಲು, ಮುಟ್ಟಲಿಲ್ಲ, ಎರಡು ತಿಂಗಳಿಂದ ಆ ಸುದ್ದಿ ಇವನ ಹತ್ತಿರವೇ ಉಳಿದುಬಿಟ್ಟಿದೆ, ಮುಟ್ಟಬೇಕಾದವಳು ಆರು ಅಡಿ ದೂರದಲ್ಲಿ ಕೂತು ದಾರ ಎಳೆಯುತ್ತಿದ್ದಾಳೆ.

ನಾನು ಬಂದಿದೀನಿ ಅಂತ ನಿನಗೆ ಹೇಳೋಕೆ ಓಡಿದ್ರು, ಎನ್ನುತ್ತಾನೆ ಅಖೈರಾಜ್. ದನಿ ಯಾರದೋ, ಹವಾಮಾನ ಹೇಳುವವನದು, ತನ್ನ ದನಿಯನ್ನು ತಾನೇ ಪಕ್ಕದ ಡೇರೆಯಿಂದ ಕೇಳಿದ ಹಾಗೆ, ಸೋನಲ್‌ವೇರಿ ಅಂದ್ರು, ನೀರು ಬಾಯಿಗೆ ಹೋಗಲಿಲ್ಲ, ಕೈ ಎತ್ತಿಬಿಟ್ಟೆ, ಅವರಿಗೆ ಅರ್ಥವಾಯ್ತು ಸುಗನ್, ನನ್ನ ಹುಡುಗರಿಗೆ ಆಗಲಿಲ್ಲ, ಕೈ ಎತ್ತಿದ್ರೆ ವಿಷ ಅಂತ ನಾನೇ ಹೇಳಿಕೊಟ್ಟಿದ್ದೆ, ಇಳಿಸೋಕೆ ಹೊತ್ತಿತ್ತು, ಇಳಿಸಲಿಲ್ಲ, ಹವಾಲ್ದಾರನದು ತಪ್ಪಿಲ್ಲ, ಬಾವಿಯಲ್ಲಿ ಏನೂ ಇರಲಿಲ್ಲ, ಸಿಹಿ ನೀರು, ಈ ಸಹಿ ನನ್ನದು ವ್ಯಾಸರೇ. ಜಮಖಾನದ ದಾರ ಎಳೆಯುತ್ತಿದ್ದ ಕೈ ನಿಂತಿತು. ಎರಡು ಬೆರಳಿನ ಸಂದಿಯಿಂದ ಆ ಕಣ್ಣು ನೋಡುತ್ತಲೇ ಇದೆ, ಆಮೇಲೆ ಸೆರಗು ಈ ಕಡೆಯೂ ಇಳಿಯುತ್ತದೆ, ಮೆಲ್ಲಗೆ, ಗಲ್ಲದವರೆಗೆ, ಪರಗಂಡಸಿನ ಮುಂದೆ ಇಳಿಯುವ ಹಾಗೆ, ಡೇರೆಯ ಬಟ್ಟೆಯ ಮೇಲಿನ ಗೂನು ನೆರಳು ಎದ್ದು ನೆಟ್ಟಗಾಗುತ್ತದೆ. ವ್ಯಾಸರು ಹೊಸ ಹಾಳೆ ತೆಗೆಯುತ್ತಾರೆ, ಈಗ ಅವರ ದನಿಯಲ್ಲಿ ಹೊಟ್ಟೆಯ ನಗು ಇಲ್ಲ, ನೋಡಿ ಸಾಹೇಬ್ರೇ, ಬರ್ಕೊಂಡ್ರೆ ಬರ್ಕೊಂಡ ಹಾಗೆ, ಈಯಮ್ಮನ ಹೆಸರು ಪಟ್ಟಿಯಲ್ಲಿ ಉಳಿಯುತ್ತೆ, ನಿಮ್ಮ ಹೆಸರು ಎಲ್ಲಿ ಉಳಿಯುತ್ತೋ ನನಗೆ ಗೊತ್ತಿಲ್ಲ, ಬರೀಲಾ. ಬರೀರಿ. ಹೇಗೆ ಎತ್ತಿದಿರಿ, ಎಡಗೈಯೋ ಬಲಗೈಯೋ, ಎಷ್ಟು ಎತ್ತರ, ಕೇಳ್ತಾರೆ ಮೇಲಿನೋರು, ತೋರಿಸಿ ಒಂದ್ಸಲ. ಅವನು ಲೋಟ ಕೆಳಗಿಡುತ್ತಾನೆ, ಕೈ ಎತ್ತುತ್ತಾನೆ, ಬಲಗೈ, ಅಂಗೈ ಮುಂದೆ, ಭುಜದ ಮಟ್ಟಕ್ಕೆ, ಪೆನ್ನು ಹಾಳೆಯ ಮೇಲೆ ಕಿರುಗುಟ್ಟುತ್ತದೆ, ಗಾಲಿಯ ಹಾಗೆ, ಸಾಕು, ಬರ್ಕೊಂಡೆ, ಇಳಿಸಿ ಸಾಹೇಬ್ರೇ, ಕೈ ಇಳಿಸಿ ಎನ್ನುತ್ತಿದ್ದಾರೆ ವ್ಯಾಸರು, ಕೇಳಿಸುತ್ತಿದೆ, ಇಳಿಸಬಹುದು,

ಮೂರನೆಯ ಹೆಜ್ಜೆ, ಎಡಗಾಲು, ಬಿರಿದ ಹಿಮ್ಮಡಿ ಮರಳಿನಿಂದ ಎದ್ದಿದೆ, ಬಿರುಕಿನಲ್ಲಿ ಒದ್ದೆ ಮರಳು ಮೆತ್ತಿಕೊಂಡಿದೆ, ಎದ್ದ ಹಿಮ್ಮಡಿ, ಮೇಲೆ, ಇನ್ನೂ ಮೇಲೆ